ಗರ್ಭಧಾರಣೆಗೆ ಮುಂಚಿನ ಆಹಾರವೂ ಜೀವಸತ್ವಗಳೂ

(ಲೇಖಕರು: ಒಬ್ಬ ವ್ಯವಸಾಯದ ಇನ್ಸ್‌ಪೆಕ್ಟರು, ಎಲ್.ಎಜಿ.)

ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ರೋಗ, ಕೀಟ ಮುಂತಾದ ವಿಷಯಗಳನ್ನು ಓದಿ ರೂಢಿಯಾಗಿರುವ ವಾಚಕರಿಗೆ ಮೇಲಿನ ಶಿರೋನಾಮೆಯು ವಿಚಿತ್ರವಾಗಿ ತೋರಬಹುದು. ಸ್ತ್ರೀಯರ ಗರ್ಭಕ್ಕೂ ವ್ಯವಸಾಯದ ಇಲಾಖೆಗೂ ಏನು ಸಂಬಂಧ, ಅದು ವೈದ್ಯರ ಕೆಲಸವಲ್ಲವೆ ಎಂದು ಕೆಲವರು ಕೇಳಿಯಾರು. ವೈದ್ಯರ ಕೆಲಸವೇ ಹೌದು. ಆದರೆ ಹೆಣ್ಣುಮಗಳು ವೈದ್ಯರ ಮುಂದೆ ಹೋಗಿ ಕುಳಿತುಕೊಳ್ಳುವುದಕ್ಕೆ ಮೊದಲೇ ಕಳೆದುಹೋಗುವ ಕೆಲವು ದಿನಗಳು ಇದರಲ್ಲಿ ಇವೆ. ಆ ದಿನಗಳಲ್ಲಿ ಆಕೆಯ ಶರೀರದಲ್ಲಿ ಇರಬೇಕಾದ ಪದಾರ್ಥವು ಬಹುಮಟ್ಟಿಗೆ ನಮ್ಮ ಹೊಲದಿಂದಲೂ ಹಿತ್ತಿಲಿನಿಂದಲೂ ಬರತಕ್ಕದ್ದು. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರವು ನನಗೂ ಸ್ವಲ್ಪ ಇದೆಯೆಂದು ತಿಳಿದಿರುತ್ತೇನೆ.

ಇದನ್ನು ಬರೆಯುವುದಕ್ಕೆ ಕಾರಣವಾದ ಸಂಗತಿ ಹೀಗಿದೆ. ಕಳೆದ ಮುಂಗಾರಿನಲ್ಲಿ ನನ್ನ ಸರ್ಕಲಿಗೆ ಸೇರಿದ ಒಂದು ಗ್ರಾಮದ ರೈತರೊಬ್ಬರು ತೊಗರಿ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪೊಟ್ಟಣಕ್ಕಾಗಿ ಕಚೇರಿಗೆ ಬಂದಿದ್ದರು. ವಯಸ್ಸಾದವರು; ಯಾವ ಕೆಲಸವನ್ನೂ ಕಾಲ ಮೀರಿ ಮಾಡುವವರಲ್ಲ. ಅವರ ಸಂಗಡ ಬಂದಿದ್ದ ಹುಡುಗನು, ಇದನ್ನು ಬಿತ್ತಿದ ಮೇಲೆ ಹಾಕಿದರೆ ಆಗದೆ ಎಂದು ಕೇಳಿದನು. ನಾನು ಬಾಯಿ ತೆರೆಯುವುದಕ್ಕೆ ಮುಂಚೆ ಅವರೇ, "ಮಣ್ಣು ಸೇರಿದ ಬೀಜ ಮತ್ತೆ ಕೈಗೆ ಸಿಕ್ಕುತ್ತದೇನೋ?" ಎಂದರು. ಹುಡುಗನು ಹೊರಗೆ ಹೋದ ಮೇಲೆ ದನಿಯನ್ನು ತಗ್ಗಿಸಿ ಮನೆಯ ವಿಷಯ ಹೇಳಿದರು. ಕಿರಿಯ ಸೊಸೆಗೆ ಚೊಚ್ಚಲ ಹೆರಿಗೆಯಾಯಿತು. ಮಗುವಿನ ಬೆನ್ನಹುರಿ ಮುಚ್ಚಿಕೊಂಡಿರಲಿಲ್ಲ. ಹನ್ನೊಂದು ದಿನ ಬದುಕಿತ್ತು. "ನಮ್ಮ ಕಡೆಯಿಂದ ಏನು ತಪ್ಪಾಯಿತು, ಸ್ವಾಮಿ? ಮಾತ್ರೆ ಕೊಟ್ಟರು, ಒಂದು ದಿನವೂ ತಪ್ಪಿಸದೆ ನುಂಗಿದಳು" ಎಂದರು. ಮಾತ್ರೆಯನ್ನು ಯಾವಾಗಿನಿಂದ ಕೊಟ್ಟರೆಂದು ಕೇಳಿದೆನು. "ನಾಲ್ಕನೆಯ ತಿಂಗಳಿಂದ" ಎಂದರು.

ತೊಗರಿಯ ಬೀಜದ ವಿಷಯದಲ್ಲಿ ಆ ಹಿರಿಯರಿಗೆ ತಿಳಿದಿದ್ದ ನ್ಯಾಯವೇ ಇಲ್ಲಿಯೂ ನಡೆಯುವುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಮಗುವಿನ ಅಂಗವೈಕಲ್ಯಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ. ಇಂಥ ವೈಕಲ್ಯಗಳೆಲ್ಲವೂ ಆಹಾರದ ಕೊರತೆಯಿಂದಲೇ ಬರುವುದಿಲ್ಲ. ಆದರೆ ಬಹುಪಾಲನ್ನು ತಡೆಯುವ ಉಪಾಯವೊಂದು ಲೋಕಕ್ಕೆ ತಿಳಿದು ಮೂವತ್ತು ವರ್ಷಗಳ ಮೇಲಾಗಿದೆ. ಅದು ಆ ಮನೆಯ ಬಾಗಿಲಿಗೆ ಬಂದುದು ಕಾಲ ಕಳೆದ ಮೇಲೆ.

ಗರ್ಭವು ನಿಂತ ಮೇಲೆ ಪಿಂಡದಲ್ಲಿ ಮೊದಲು ರೂಪುಗೊಳ್ಳುವ ಅಂಗಗಳಲ್ಲಿ ಮೆದುಳು ಮತ್ತು ಬೆನ್ನಹುರಿ ಸೇರಿವೆ. ಇವೆರಡೂ ಒಂದು ಹಾಳೆಯ ಅಂಚುಗಳು ಸುರುಳಿಯಾಗಿ ಬಂದು ಕೂಡಿಕೊಂಡಂತೆ ಉಂಟಾಗುವ ಕೊಳವೆಯಿಂದ ಬೆಳೆಯತಕ್ಕವು. ಆ ಕೊಳವೆಯು ಗರ್ಭ ನಿಂತ ೨೮ ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಮುಟ್ಟಿನ ದಿನ ಮೀರಿ ಎರಡು ವಾರ ಕಳೆಯುವಷ್ಟರಲ್ಲಿ ಈ ಕೆಲಸವೆಲ್ಲ ಮುಗಿದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಸೊಸೆಯರು ಅಷ್ಟು ಹೊತ್ತಿಗೆ ಅತ್ತೆಗೆ ವಿಷಯ ತಿಳಿಸಿರುತ್ತಾರೆ? ಆಸ್ಪತ್ರೆಗೆ ಹೋಗುವ ಮಾತು ಇನ್ನೂ ದೂರ. ಹೀಗೆ ಕೊಳವೆಯು ಮುಚ್ಚಿಕೊಳ್ಳಬೇಕಾದರೆ ಫೋಲೇಟ್ ಎಂಬ ಜೀವಸತ್ವವು ತಾಯಿಯ ರಕ್ತದಲ್ಲಿ ಮೊದಲೇ ಸಾಕಷ್ಟು ಇರತಕ್ಕದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಮೇಲುಗೊಬ್ಬರವಲ್ಲ, ತಳಗೊಬ್ಬರ. ಪೈರು ಮೊಣಕಾಲೆತ್ತರ ಬಂದ ಮೇಲೆ ತಳಗೊಬ್ಬರ ಕೊಡುತ್ತೇನೆನ್ನುವ ರೈತನನ್ನು ನಾವು ನೋಡಿ ನಗುತ್ತೇವೆ.

ಸ್ತ್ರೀಯನ್ನು ಹೊಲಕ್ಕೆ ಹೋಲಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಋತು, ಕ್ಷೇತ್ರ, ಅಂಬು, ಬೀಜ ಈ ನಾಲ್ಕೂ ಕೂಡಿದರೆ ಅಂಕುರವಾಗುವಂತೆ ಗರ್ಭವೂ ಆಗುವುದೆಂದು ಸುಶ್ರುತಸಂಹಿತೆಯಲ್ಲಿ ಹೇಳಿದೆ. ಅಂಬುವೆಂದರೆ ಇಲ್ಲಿ ಆಹಾರದಿಂದ ಉಂಟಾಗುವ ರಸವೆಂದು ವ್ಯಾಖ್ಯಾನಕಾರರು ಅರ್ಥ ಮಾಡಿರುವರು. ನಾನು ಈ ಹೋಲಿಕೆಯನ್ನು ಕಾಲದ ವಿಷಯಕ್ಕೆ ಮಾತ್ರ ತೆಗೆದುಕೊಂಡಿದ್ದೇನೆ. ಹೊಲದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಸತುವು ಕಡಮೆಯೋ ಗಂಧಕ ಕಡಮೆಯೋ ಎಂದು ವಿಚಾರಿಸುವಷ್ಟು ಶ್ರದ್ಧೆಯನ್ನು ಮನೆಯ ಹೆಣ್ಣುಮಕ್ಕಳ ರಕ್ತದ ವಿಷಯದಲ್ಲಿ ನಾವು ತೋರಿಸುತ್ತಿಲ್ಲವೆಂಬುದು ಮಾತ್ರ ನಿಜ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರ್ಷ ವಯಸ್ಸಿನ ಭಾರತದ ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು.

ಫೋಲೇಟಿನ ಚರಿತ್ರೆಯು ನಮ್ಮ ದೇಶದಲ್ಲಿಯೇ ಆರಂಭವಾದುದೆಂಬ ಸಂಗತಿಯು ಅನೇಕರಿಗೆ ತಿಳಿಯದು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆಯು ಬೊಂಬಾಯಿಗೆ ಬಂದು, ಅಲ್ಲಿಯ ಬಟ್ಟೆಯ ಗಿರಣಿಗಳಲ್ಲಿ ಕೂಲಿ ಮಾಡುತ್ತಿದ್ದ ಗರ್ಭಿಣಿಯರಿಗೆ ಬರುತ್ತಿದ್ದ ಒಂದು ಬಗೆಯ ಘೋರವಾದ ರಕ್ತಹೀನತೆಯನ್ನು ಪರೀಕ್ಷಿಸತೊಡಗಿದಳು. ನಮ್ಮ ನೆರೆಯ ಕೂನೂರಿನ ಪ್ರಯೋಗಶಾಲೆಯಲ್ಲಿಯೂ ಕೆಲವು ಕಾಲ ಕೆಲಸ ಮಾಡಿದಳು. ಬಡ ಸ್ತ್ರೀಯರ ಊಟದಲ್ಲಿ ಸೊಪ್ಪು, ತರಕಾರಿ, ಹಣ್ಣುಗಳು ಬಹು ಕಡಮೆಯಾಗಿರುವುದನ್ನು ಕಂಡು, ಈ ರೋಗಕ್ಕೆ ಕಾರಣವು ಕ್ರಿಮಿಯಲ್ಲ, ಆಹಾರದಲ್ಲಿಯೇ ಯಾವುದೋ ಒಂದು ಅಂಶದ ಕೊರತೆಯೆಂದು ಊಹಿಸಿದಳು. ಹುದುಗುಬೂಷ್ಟಿನ ಸಾರದಿಂದ ರೋಗವು ಗುಣವಾಗುವುದನ್ನು ೧೯೩೧ರಲ್ಲಿ ಪ್ರಕಟಿಸಿದಳು. ಹತ್ತು ವರ್ಷಗಳ ತರುವಾಯ, ೧೯೪೧ರಲ್ಲಿ, ಅಮೆರಿಕದ ವಿಜ್ಞಾನಿಗಳು ರಾಶಿರಾಶಿ ಪಾಲಕ್ ಸೊಪ್ಪಿನಿಂದ ಈ ಅಂಶವನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಫೋಲಿಕ್ ಆಮ್ಲವೆಂದು ಕರೆದರು. ಇದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. ಸೊಪ್ಪಿನಿಂದ ಹೆಸರು ಬಂದಿರುವ ವಸ್ತುವು ಸೊಪ್ಪು ಬೆಳೆಯುವವರ ಮನೆಯಲ್ಲಿಯೇ ಕೊರತೆಯಾಗಿರುವುದು ನಮ್ಮ ಇಲಾಖೆಗೆ ಗೌರವ ತರುವ ಮಾತಲ್ಲ.

ಈ ಜೀವಸತ್ವವು ಅಂಗವೈಕಲ್ಯವನ್ನು ತಡೆಯುವುದೋ ಇಲ್ಲವೋ ಎಂಬುದನ್ನು ನಾವು ಹೊಸ ತಳಿಯನ್ನು ಪರೀಕ್ಷಿಸುವಂತೆಯೇ ಪರೀಕ್ಷಿಸಿದ್ದಾರೆ. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ೧,೮೧೭ ಸ್ತ್ರೀಯರನ್ನು ಏಳು ದೇಶಗಳಿಂದ ಆರಿಸಿ, ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಕೆಲವರಿಗೆ ದಿನಕ್ಕೆ ೪ ಮಿಲಿಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಕ್ಕೆ ಮುಂಚಿನಿಂದಲೇ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಅದರ ಫಲವು ೧೯೯೧ರಲ್ಲಿ ಪ್ರಕಟವಾಯಿತು: ವಿಕಲವಾದ ೨೭ ಗರ್ಭಗಳಲ್ಲಿ ೬ ಮಾತ್ರ ಮಾತ್ರೆ ಪಡೆದವರಲ್ಲಿಯೂ ೨೧ ಪಡೆಯದವರಲ್ಲಿಯೂ ಕಂಡವು. ಮರುವರ್ಷ ಹಂಗೇರಿ ದೇಶದ ಪರೀಕ್ಷೆಯೊಂದರಲ್ಲಿ, ಹಿಂದೆ ಇಂಥ ಮಗುವನ್ನು ಹೆರದಿದ್ದ ಸಾಮಾನ್ಯ ಸ್ತ್ರೀಯರಲ್ಲಿಯೂ ಇದು ಸಿದ್ಧವಾಯಿತು. ಅಲ್ಲಿ ಫೋಲಿಕ್ ಆಮ್ಲವು ಸೇರಿದ ಜೀವಸತ್ವಗಳನ್ನು ಮುಂಚಿತವಾಗಿ ತೆಗೆದುಕೊಂಡವರಲ್ಲಿ ಒಬ್ಬರಿಗೂ ಈ ವೈಕಲ್ಯದ ಮಗುವಾಗಲಿಲ್ಲ. ಇನ್ನೊಂದು ಗುಂಪಿನಲ್ಲಿ ಆರು ಮಂದಿಗೆ ಆಯಿತು. ಈಗ ಸಾಮಾನ್ಯವಾಗಿ ಹೇಳುವ ಪ್ರಮಾಣವು ದಿನಕ್ಕೆ ೪೦೦ ಮೈಕ್ರೋಗ್ರಾಂ, ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ನಾನೂರು ಪಾಲು. ಗರ್ಭಕ್ಕೆ ಒಂದು ತಿಂಗಳಾದರೂ ಮುಂಚಿನಿಂದ ಮೂರನೆಯ ತಿಂಗಳು ತುಂಬುವವರೆಗೆ ಇದನ್ನು ತೆಗೆದುಕೊಳ್ಳಬೇಕು. ಹಿಂದೆ ಇಂಥ ಮಗುವಾಗಿದ್ದವರಿಗೆ ಇದರ ಹತ್ತರಷ್ಟು ಬೇಕಾಗುವುದು. ಅದನ್ನೂ, ಮೂರ್ಛೆರೋಗಕ್ಕೆ ಔಷಧ ಸೇವಿಸುವವರ ಮತ್ತು ಸಿಹಿಮೂತ್ರ ರೋಗವಿರುವವರ ವಿಷಯವನ್ನೂ ವೈದ್ಯರೇ ನಿರ್ಣಯಿಸತಕ್ಕದ್ದು.

ಮಾತ್ರೆಯೇಕೆ, ನಮ್ಮ ಸೊಪ್ಪು ಕಾಳುಗಳೇ ಸಾಲವೆ ಎಂದು ಅಭಿಮಾನದಿಂದ ಕೇಳುವ ರೈತರಿದ್ದಾರೆ. ನನಗೂ ಹಾಗೆಯೇ ಹೇಳಬೇಕೆಂಬ ಆಸೆ ಇದೆ. ಆದರೆ ಲೆಕ್ಕ ಹಾಗೆ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಆಹಾರದ ಪಟ್ಟಿಯಂತೆ ನೂರು ಗ್ರಾಂ ಇಡೀ ಕಡಲೆಕಾಳಿನಲ್ಲಿ ಸುಮಾರು ೨೩೦, ಹುರುಳಿಯಲ್ಲಿ ೧೬೦, ಹೆಸರುಕಾಳಿನಲ್ಲಿ ೧೪೫, ಪಾಲಕ್ ಸೊಪ್ಪಿನಲ್ಲಿ ೧೪೦, ರಾಗಿಯಲ್ಲಿ ೩೫ ಮೈಕ್ರೋಗ್ರಾಂ ಫೋಲೇಟ್ ಇರುತ್ತದೆ. ಇನ್ನೂರು ಗ್ರಾಂ ರಾಗಿಹಿಟ್ಟು, ಒಂದು ಹಿಡಿ ಕಡಲೆಕಾಳು, ನೂರು ಗ್ರಾಂ ಪಾಲಕ್ ಸೊಪ್ಪು ಇಷ್ಟನ್ನೂ ಪ್ರತಿದಿನ ತಪ್ಪದೆ ಒಬ್ಬ ಹೆಣ್ಣುಮಗಳೇ ಉಂಡಳೆಂದು ಇಟ್ಟುಕೊಂಡರೂ ಹಸಿ ಪದಾರ್ಥದ ಲೆಕ್ಕದಲ್ಲಿ ಮುನ್ನೂರು ಚಿಲ್ಲರೆ ಆಗುವುದು. ಬೇಯಿಸಿದರೆ ಅದರಲ್ಲಿಯೂ ನಷ್ಟವುಂಟು. ಅದೂ ಅಲ್ಲದೆ ಮಾತ್ರೆಯಲ್ಲಿರುವ ರೂಪವು ಶರೀರಕ್ಕೆ ಹಿಡಿಯುವಷ್ಟು ಸುಲಭವಾಗಿ ಆಹಾರದಲ್ಲಿರುವ ರೂಪವು ಹಿಡಿಯುವುದಿಲ್ಲ. ಈಚಿನ ವರ್ಷಗಳಲ್ಲಿ ಪಡಿತರದ ಅಂಗಡಿಗಳಲ್ಲಿ ಹಂಚಿದ ಸತ್ವ ಸೇರಿಸಿದ ಅಕ್ಕಿಯ ವಿಷಯವೂ ಅಷ್ಟೆ. ಅದಕ್ಕೆ ವಿಧಿಸಿದ ಪ್ರಮಾಣವು ಕಿಲೋ ಒಂದಕ್ಕೆ ೭೫ರಿಂದ ೧೨೫ ಮೈಕ್ರೋಗ್ರಾಂ ಫೋಲಿಕ್ ಆಮ್ಲ. ದಿನಕ್ಕೆ ಮುನ್ನೂರು ಗ್ರಾಂ ಅಕ್ಕಿ ಉಂಡರೆ ನಾನೂರಕ್ಕೆ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಆದುದರಿಂದ ಮಾತ್ರೆ ಬೇಕು. ಸೊಪ್ಪಿನ ಪಕ್ಷದವನಾದ ನಾನೇ ಇದನ್ನು ಒಪ್ಪಿಕೊಳ್ಳುತ್ತಿರುವುದರಿಂದ ವಾಚಕರು ನಂಬಬಹುದು.

ಹಾಗೆಂದು ಸೊಪ್ಪು ವ್ಯರ್ಥವಲ್ಲ. ಮಾತ್ರೆಯು ಒಂದು ಕೊರತೆಯನ್ನು ತುಂಬುತ್ತದೆ. ಊಟವು ಹತ್ತನ್ನು ತುಂಬುತ್ತದೆ. ಮಾತ್ರೆ ಸಿಕ್ಕದ ದಿನವೂ ಊಟವುಂಟು. ಈ ವಿಷಯದಲ್ಲಿ ನಮ್ಮ ಹಳೆಯ ಅಡಿಗೆಯ ಒಂದು ಗುಣವನ್ನು ಹೇಳದಿರಲಾರೆನು. ಫೋಲೇಟ್ ನೀರಿನಲ್ಲಿ ಕರಗತಕ್ಕ ವಸ್ತು; ಸೊಪ್ಪನ್ನು ಬೇಯಿಸಿ ನೀರನ್ನು ಚೆಲ್ಲಿದರೆ ಅದರ ಒಂದು ಭಾಗವು ಮೋರಿಯ ಪಾಲಾಗುವುದು. ನಮ್ಮ ಹೆಂಗಸರು ಕಾಳನ್ನೂ ಸೊಪ್ಪನ್ನೂ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುತ್ತಾರೆ. ಬಸಿದ ಸೊಪ್ಪು ಕಾಳು ಪಲ್ಯವಾಗುತ್ತದೆ. ಇದಕ್ಕಿಂತ ಉತ್ತಮವಾದ ಏರ್ಪಾಡನ್ನು ಯಾವ ಪೋಷಣಶಾಸ್ತ್ರಜ್ಞನೂ ಹೇಳಿಕೊಡಬೇಕಾಗಿಲ್ಲ. ಅತಿಯಾಗಿ ಕುದಿಸದಿದ್ದರೆ ಸಾಕು. ಹುರುಳಿ, ಹೆಸರು, ಕಡಲೆಗಳನ್ನು ನೆನೆಸಿ ಮೊಳಕೆ ಕಟ್ಟಿದರೆ ಜೀವಸತ್ವವು ಹೆಚ್ಚುವುದಲ್ಲದೆ ಅವುಗಳಲ್ಲಿರುವ ಕಬ್ಬಿಣವೂ ಶರೀರಕ್ಕೆ ಸುಲಭವಾಗಿ ಸೇರುವುದು. ಊಟದಲ್ಲಿ ನಿಂಬೆಯೋ ನೆಲ್ಲಿಯೋ ಇರಲಿ. ಊಟ ಮಾಡಿದ ಕೂಡಲೆ ಕಾಫಿ ಟೀ ಕುಡಿಯುವುದನ್ನು ಬಿಡಬೇಕು, ಅವು ಕಬ್ಬಿಣವನ್ನು ಹಿಡಿಯಗೊಡುವುದಿಲ್ಲ.

ಇಲ್ಲಿ ನನ್ನ ಮೇಲೆಯೇ ಒಂದು ದೂರು ಹೇಳಿಕೊಳ್ಳಬೇಕಾಗಿದೆ. ನಾನು ಚಿಕ್ಕವನಾಗಿದ್ದಾಗ ರಾಗಿಯ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ಅಲಸಂದೆ, ತೊಗರಿ, ಸಾಸಿವೆ, ಹುಚ್ಚೆಳ್ಳು ಇರುತ್ತಿದ್ದವು. ಕಳೆ ಕೀಳಲು ಹೋದ ಹೆಂಗಸರು ಸಂಜೆ ಹಿಂದಿರುಗುವಾಗ ಮಡಿಲ ತುಂಬ ಅಣ್ಣೆ, ಹೊನಗೊನ್ನೆ, ಗಣಿಕೆ, ಕೀರೆ ಮುಂತಾದ ಬೆರಕೆ ಸೊಪ್ಪನ್ನು ತರುತ್ತಿದ್ದರು. ಅದಕ್ಕೆ ಕಾಸು ಕೊಡಬೇಕಾಗಿರಲಿಲ್ಲ, ಗಂಡನನ್ನು ಕೇಳಬೇಕಾಗಿರಲಿಲ್ಲ. ಇಲಾಖೆಗೆ ಸೇರಿದ ಮೇಲೆ, ಒಂದೇ ಬೆಳೆಯನ್ನು ಬಿತ್ತಿರಿ, ಕಳೆನಾಶಕವನ್ನು ಹೊಡೆಯಿರಿ, ಕೂಲಿ ಉಳಿಯುತ್ತದೆ ಎಂದು ಸಭೆಸಭೆಗಳಲ್ಲಿ ಬೋಧಿಸಿದವರಲ್ಲಿ ನಾನೂ ಒಬ್ಬನು. ಕೂಲಿ ಉಳಿದುದು ನಿಜ. ಇಳುವರಿ ಹೆಚ್ಚಿದುದೂ ನಿಜ. ಆದರೆ ಮಡಿಲ ಸೊಪ್ಪಿನ ಲೆಕ್ಕವನ್ನು ನಮ್ಮ ಯಾವ ತಖ್ತೆಯಲ್ಲಿಯೂ ಬರೆದಿರಲಿಲ್ಲವಾದುದರಿಂದ ಅದು ನಷ್ಟವಾದುದು ಯಾರಿಗೂ ಕಾಣಲಿಲ್ಲ. ಔಷಧಿ ಹೊಡೆದ ಹೊಲದ ಸೊಪ್ಪನ್ನು ಈಗ ಕುಯ್ದು ತರಬಾರದೆಂದು ನಾನೇ ಹೇಳಬೇಕಾಗಿದೆ.

ಹಾಲಿನ ವಿಷಯವೂ ಹೀಗೆಯೇ. ಬಿ-೧೨ ಎಂಬ ಜೀವಸತ್ವವು ಸೊಪ್ಪು ಕಾಳುಗಳಲ್ಲಿ ಇಲ್ಲ; ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಇರುವುದು. ಎರಡು ಹಸು ಕಟ್ಟಿದ ಮನೆಯಲ್ಲಿ ಹಾಲನ್ನೆಲ್ಲ ಡೈರಿಗೆ ಅಳೆದು, ಸೊಸೆಗೆ ಮಜ್ಜಿಗೆಯೂ ಉಳಿಯದಿರುವುದನ್ನು ನಾನು ಕಂಡಿದ್ದೇನೆ. ಮಾಂಸಾಹಾರವಿಲ್ಲದ ಮನೆಗಳಲ್ಲಿ ಇದರ ಕೊರತೆಯು ಸಾಮಾನ್ಯ. ಬಿ-೧೨ ಕಡಮೆಯಿದ್ದು ಫೋಲಿಕ್ ಆಮ್ಲವೊಂದನ್ನೇ ಹೆಚ್ಚಾಗಿ ತೆಗೆದುಕೊಂಡರೆ ರಕ್ತವು ಸುಧಾರಿಸಿದಂತೆ ತೋರಿ, ನರಗಳಿಗೆ ಆಗುವ ಕೇಡು ಒಳಗೊಳಗೇ ಮುಂದುವರಿಯಬಹುದು. ಆದುದರಿಂದ ರಕ್ತವನ್ನು ಪರೀಕ್ಷೆ ಮಾಡಿಸುವುದು ಮೇಲು. ಅಯೋಡಿನ್ ಸೇರಿದ ಉಪ್ಪನ್ನು ಬಳಸುವುದು ಈಗ ರೂಢಿಯಾಗಿರುವುದರಿಂದ ಆ ವಿಷಯವನ್ನು ಬೆಳೆಸುವುದಿಲ್ಲ.

ಇನ್ನು ಸಂತಾನಕ್ಕೆಂದು ಮಾರುವ ಪುಡಿ, ಲೇಹ್ಯ, ಟಾನಿಕ್ಕುಗಳ ಮಾತು. ಜಾತ್ರೆಯ ಅಂಗಡಿಯಲ್ಲಿಯೂ ಪಟ್ಟಣದ ಅಂಗಡಿಯಲ್ಲಿಯೂ ಇವುಗಳಿಗೆ ಕೊರತೆಯಿಲ್ಲ. ಮದುವೆಯಾಗಿ ಎರಡು ವರ್ಷಕ್ಕೆ ಮಡಿಲು ತುಂಬದಿದ್ದರೆ ಹೆಣ್ಣಿಗೆ ಬರುವ ಮಾತುಗಳನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಆ ಮಾತುಗಳ ಭಯದಿಂದಲೇ ಈ ವ್ಯಾಪಾರವು ನಡೆಯುತ್ತಿದೆ. ಜೀವಸತ್ವವು ಪೋಷಣೆಯ ವಸ್ತು. ಬಂಜೆತನಕ್ಕೆ ಅದು ಮದ್ದಲ್ಲ, ಮತ್ತು ಕಾರಣವು ಅನೇಕ ವೇಳೆ ಗಂಡಸಿನಲ್ಲಿಯೇ ಇರುವುದು. ಗಂಡಸರಿಗೆ ಫೋಲಿಕ್ ಆಮ್ಲವನ್ನೂ ಸತುವನ್ನೂ ಕೊಟ್ಟರೆ ಫಲವುಂಟೆ ಎಂದು ಅಮೆರಿಕದಲ್ಲಿ ೨,೩೭೦ ದಂಪತಿಗಳಲ್ಲಿ ಪರೀಕ್ಷಿಸಿದರು. ಇವುಗಳಿಂದ ಮಕ್ಕಳಾಗುವುದು ಹೆಚ್ಚಲಿಲ್ಲವೆಂದು ೨೦೨೦ರಲ್ಲಿ ಪ್ರಕಟವಾಯಿತು. ಬದಲಾಗಿ ನಮ್ಮ ವೃತ್ತಿಗೆ ಸಂಬಂಧಿಸಿದ ಒಂದು ಕಾರಣವನ್ನು ನೆನಪಿಸುತ್ತೇನೆ: ಬೇರಿನ ಜಂತುಹುಳುವನ್ನು ಕೊಲ್ಲುವ ಡಿಬಿಸಿಪಿ ಎಂಬ ವಿಷವನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಮಿಕರು ಸಂತಾನಶಕ್ತಿಯನ್ನು ಕಳೆದುಕೊಂಡಿದ್ದುದು ೧೯೭೭ರಲ್ಲಿ ಬೆಳಕಿಗೆ ಬಂದಿತು. ಬರಿಗೈಯಲ್ಲಿ ಔಷಧಿ ಕಲಸುವ ನಮ್ಮ ಯುವಕರು ಇದನ್ನು ಮರೆಯಬಾರದು. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡಿರಿಬ್ಬರೂ ಕೂಡಿ ವೈದ್ಯರ ಬಳಿಗೆ ಹೋಗತಕ್ಕದ್ದು; ಹೆಣ್ಣಿಗೆ ಮೂವತ್ತೈದು ಕಳೆದಿದ್ದರೆ ಆರು ತಿಂಗಳಿಗೇ ಹೋಗಬೇಕು. ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆಯೂ ಬೇಡ. ಯೂರಿಯಾ ಹೆಚ್ಚಾದರೆ ಪೈರು ಮಲಗುವುದನ್ನು ಬಲ್ಲವರಿಗೆ ಇದು ಕಷ್ಟವಾಗಲಾರದು. ಮುಖ್ಯವಾಗಿ 'ಎ' ಜೀವಸತ್ವದ ಸಿದ್ಧ ರೂಪವಾದ ರೆಟಿನಾಲ್ ದಿನಕ್ಕೆ ೧೦,೦೦೦ ಯೂನಿಟ್ಟುಗಳನ್ನು ಮೀರಿದರೆ ಶಿಶುವಿನ ಅಂಗಗಳಿಗೇ ಕೇಡಾಗಬಹುದು. ಸೊಪ್ಪು ಹಣ್ಣುಗಳಲ್ಲಿರುವ ಕ್ಯಾರೊಟೀನಿನಿಂದ ಆ ಭಯವಿಲ್ಲ.

ಸರಕಾರದವರು ಈ ವಿಷಯದಲ್ಲಿ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾಗುವುದು. ೨೦೧೮ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಕ್ರಮದಂತೆ ಗರ್ಭಿಣಿಯರಲ್ಲದ ಸ್ತ್ರೀಯರಿಗೂ ವಾರಕ್ಕೊಂದು ಮಾತ್ರೆ ಸಲ್ಲತಕ್ಕದ್ದು. ಅದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತದೆ. ಗರ್ಭವನ್ನು ಬಯಸುವವರು ಪ್ರತಿದಿನವೂ ೪೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲ ತೆಗೆದುಕೊಳ್ಳಬೇಕೆಂದೂ ಅದರಲ್ಲಿಯೇ ಹೇಳಿದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯವರು ವಾರದ ಮಾತ್ರೆಗೆ ಹೇಳಿರುವ ಪ್ರಮಾಣವು ೨,೮೦೦ ಮೈಕ್ರೋಗ್ರಾಂ; ನಮ್ಮದು ಅದರ ಐದರಲ್ಲಿ ಒಂದು ಪಾಲಿಗಿಂತಲೂ ಕಡಮೆ. ಅದನ್ನು ಹೆಚ್ಚಿಸಬೇಕೆಂಬುದು ನನ್ನ ಅಭಿಪ್ರಾಯ. ದಿನದ ಮಾತ್ರೆಯ ತೊಡಕೇ ಬೇರೆ. ಅದನ್ನು ಪಡೆಯಬೇಕಾದರೆ, ಮಗು ಬೇಕೆಂದು ಬಯಸಿದ್ದೇನೆ ಎಂದು ಒಬ್ಬ ಹೊಸ ಸೊಸೆಯು ಬಾಯಿ ಬಿಟ್ಟು ಹೇಳಬೇಕು. ನಮ್ಮ ಹಳ್ಳಿಯಲ್ಲಿ ಅದನ್ನು ಆಕೆಯಿಂದ ನಿರೀಕ್ಷಿಸುವುದು ಸಾಧ್ಯವೆ? ಮದುವೆಯಾದ ಮನೆಗೆ ಆಶಾ ಕಾರ್ಯಕರ್ತೆಯೇ ಮೊದಲ ತಿಂಗಳಲ್ಲಿ ಕೇಳದೆ ಕೊಂಡೊಯ್ದು ಕೊಡತಕ್ಕದ್ದು. ಈಗಲೇ ಮಕ್ಕಳು ಬೇಡವೆನ್ನುವವರಿಗೂ ಅದರಿಂದ ಹಾನಿಯಿಲ್ಲ.

ನಮ್ಮ ಇಲಾಖೆಯ ಪಾಲಿಗೆ ಬರುವುದು ಎರಡು ಕೆಲಸ. ರಾಗಿಯ ಹೊಲದಲ್ಲಿ ಅಕ್ಕಡಿಯನ್ನು ಮತ್ತೆ ಶಿಫಾರಸು ಮಾಡುವುದು ಒಂದು. ದಂಟು, ಪಾಲಕ್, ಮೆಂತ್ಯ, ಅಲಸಂದೆ ಬೀಜಗಳ ಸಣ್ಣ ಪೊಟ್ಟಣವೊಂದನ್ನು ಹೊಸದಾಗಿ ಮದುವೆಯಾದ ಮನೆಗೆ ಕೊಟ್ಟು, ಬಚ್ಚಲ ನೀರು ಹರಿಯುವ ಕಡೆ ಎರಡು ಮಡಿ ಮಾಡಿಸಿಕೊಡುವುದು ಇನ್ನೊಂದು. ಸೋಪಿನ ನೀರು ಎಲೆಗೆ ತಾಗದೆ ಬುಡಕ್ಕೆ ಮಾತ್ರ ಹರಿಯುವಂತೆ ಕಾಲುವೆ ತೆಗೆದರೆ ಸಾಕು. ಮೂರು ವಾರಗಳಲ್ಲಿ ಸೊಪ್ಪು ಕೈಗೆ ಬರುವುದು. ರೈತ ಸಭೆಗಳಲ್ಲಿ ಬೀಜೋಪಚಾರದ ವಿಷಯವನ್ನು ಹೇಳುವಾಗಲೇ ಈ ಮಾತನ್ನೂ ಗಂಡಸರಿಗೆ ಹೇಳಬಹುದು. ದುಡ್ಡಿನ ಗಂಟೂ ಸಂತೆಯ ಚೀಲವೂ ಅವರ ಕೈಯಲ್ಲಿಯೇ ಇರುವುದಷ್ಟೆ. ನಾನು ಕಳೆದ ನಾಲ್ಕು ಸಭೆಗಳಲ್ಲಿ ಹೇಳಿದೆನು. ಮೊದಲನೆಯದರಲ್ಲಿ ಹುಡುಗರು ನಕ್ಕರು. ಉಳಿದವುಗಳಲ್ಲಿ, ಸಭೆ ಮುಗಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿದು ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು.

ತೊಗರಿಗೆ ಬಂದಿದ್ದ ಹಿರಿಯರು ತಮ್ಮ ಮಗನನ್ನೂ ಸೊಸೆಯನ್ನೂ ತಾಲ್ಲೂಕಿನ ವೈದ್ಯರ ಬಳಿಗೆ ಕಳುಹಿಸಿದರು. ಹೆಚ್ಚಿನ ಪ್ರಮಾಣದ ಮಾತ್ರೆಯನ್ನು ಮೂರು ತಿಂಗಳಿಂದ ಆಕೆ ತೆಗೆದುಕೊಳ್ಳುತ್ತಿದ್ದಾಳೆ. ಇನ್ನೂ ಏನೂ ವಿಶೇಷವಿಲ್ಲವೆಂದು ಹೋದ ಸಂತೆಯ ದಿನ ಹೇಳಿದರು. ಮನೆಯ ಹಿಂದೆ ಸೊಪ್ಪಿನ ಮಡಿ ಮಾಡಿದ್ದಾರಂತೆ. ಅಲಸಂದೆ ಬೀಜ ಇನ್ನೊಂದು ಪಾವು ಬೇಕೆಂದರು, ಕೊಟ್ಟು ಕಳುಹಿಸಿದೆನು.